ಹತ್ತು ಹೇಳಿ ಅಂದಿದ್ದೀರಿ

ಹತ್ತು ಹೇಳಿ ಅಂದಿದ್ದೀರಿ. ಚೀಟಿ ತಂದಿಲ್ಲ ನಾನು.
ಕನ್ನಡಕ ಬಸ್ಸಲ್ಲೇ ಉಳಿಯಿತು, ಶಿಕಾರಿಪುರದ ಈಚೆ ಎಲ್ಲೋ.
ಬೆರಳಿವೆ, ಎಣಿಸುತ್ತೇನೆ.

ಹೆಬ್ಬೆರಳು
ಆನವಟ್ಟಿಯ ಟೂರಿಂಗ್ ಟಾಕೀಸಿಗೆ.
ಟಿಕೀಟಿಗೆ ಕಾಸಿಲ್ಲದ ನಾವು ಪರದೆಯ ಹಿಂದೆ, ಗದ್ದೆಯ ಕಡೆ,
ಕೂಳೆ ಚುಚ್ಚುವ ನೆಲದಲ್ಲಿ ಕುಕ್ಕರಗಾಲು.
ಅಲ್ಲಿಂದ ಅಕ್ಷರವೆಲ್ಲ ಉಲ್ಟಾ, ಸಿನಿಮಾದ ಹೆಸರು ಕೇಳಬೇಡಿ.
ನಾಯಕ ಎಡಚ. ಎಡಗೈಲಿ ಕತ್ತಿ, ಎಡಗೈಲೇ ಊಟ.
ಇಪ್ಪತ್ತು ವರ್ಷದ ಮೇಲೆ ಅದನ್ನೇ ಮತ್ತೆ ನೋಡಿದೆ,
ದುಡ್ಡು ಕೊಟ್ಟು, ಬಾಲ್ಕನಿಯಲ್ಲಿ ಕೂತು.
ಬಲಗೈ!
ಇವನ್ಯಾರೋ ಬೇರೆ.
ನನ್ನವನು ಆ ಗದ್ದೆ ಕಡೆಯೇ ಉಳಿದುಬಿಟ್ಟ.

ತೋರುಬೆರಳು.
ಇದೇ ಕೋಟೆ ರಸ್ತೆ, ನಿಮ್ಮ ಇದೇ ಸೊಸೈಟಿ. ನೀವಿನ್ನೂ ಹುಟ್ಟಿರಲಿಲ್ಲ.
ಗೋಡೆಗೆ ಬಿಳಿ ಪಂಚೆ,
ಪ್ರೊಜೆಕ್ಟರು ಹಿಟ್ಟಿನ ಗಿರಣಿಯ ಹಾಗೆ ಬಡಕೊಳ್ಳುತ್ತಿತ್ತು.
ಯಾವ ದೇಶದ್ದೋ ಏನೋ, ಕೆಳಗೆ ಓಡುವ ಇಂಗ್ಲಿಷು ನನಗೆ ಇರುವೆ ಸಾಲು.
ಒಬ್ಬ ಹೆಂಗಸು, ಸತ್ತವನ ಅಂಗಿಗೆ ಇಸ್ತ್ರಿ ಹಾಕುತ್ತಾಳೆ.
ಕಾಲರು, ತೋಳು, ಬೆನ್ನು.
ಆಮೇಲೆ ಗುಂಡಿ ಒಂದೊಂದೇ, ಮೇಲಿಂದ ಕೆಳಗೆ.
ಐದನೆಯದು ಉದುರಿಹೋಗಿತ್ತು.
ಅವಳ ಬೆರಳು ಆ ಇಲ್ಲದ ಗುಂಡಿಯನ್ನೂ ಹಾಕಿ ಕೆಳಗಿಳಿಯಿತು.
ಹಿಂದಿನ ಸಾಲಲ್ಲಿ ಯಾರೋ ಆಕಳಿಸಿದರು.
ಎದ್ದು ಹೋಗಿ ಒಂದು ಬಿಡೋಣ ಅನಿಸಿತ್ತು.

ಅದನ್ನು ಕದ್ದೆ.
ಮದ್ರಾಸಿನಲ್ಲಿ, ಇಪ್ಪತ್ತೊಂಬತ್ತಕ್ಕೇ ನನಗೆ ತಾಯಿಯ ಪಾತ್ರ,
ನನಗಿಂತ ಎರಡು ವರ್ಷ ದೊಡ್ಡವನು ಮಗ, ಹೆಣವಾಗಿ ಮಲಗಿದ್ದಾನೆ.
‘ಅಳಿ ಗುಲಾಬಮ್ಮ’ ಅಂದರು. ನಾನು ಅವನ ಅಂಗಿಯ ಗುಂಡಿ ಹಾಕುತ್ತಾ ಕೂತೆ.
‘ಕಟ್! ಇದೇನು ಟೈಲರ್ ಅಂಗಡಿಯೇನ್ರೀ?’
ಆಮೇಲೆ ಗ್ಲಿಸರಿನ್ ಹಾಕಿಕೊಂಡು ಅತ್ತೆ.
ಚೆನ್ನಾಗೇ ಅತ್ತೆ, ಸುಳ್ಳು ಯಾಕೆ.
ಆ ದುಡ್ಡಲ್ಲೇ ತಮ್ಮನ ಮದುವೆಯಾಯಿತು.

ಎಷ್ಟಾಯಿತು? ಎರಡೇನಾ?
ಇನ್ನೊಂದು, ಚಿಕ್ಕದು. ಗೇಟು ಬಿದ್ದಿದೆ. ಬಸ್ಸು ನಿಂತಿದೆ.
ಗೂಡ್ಸು ಹೋಗುತ್ತದೆ. ಅಷ್ಟೇ ಸಿನಿಮಾ.
ನಲವತ್ತೊಂದು ಡಬ್ಬಿ.
ಪ್ರಶಸ್ತಿ ಯಾಕೆ ಕೊಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ,
ಆದರೆ ತಾಳಗುಪ್ಪದ ರೈಲಿಗೆ ಗೇಟು ಬಿದ್ದಾಗಲೆಲ್ಲ
ಆಟೋದವನಿಗೆ ಹೇಳುತ್ತೇನೆ,
‘ಹಾರನ್ ಹೊಡೀಬೇಡ ಮಾರಾಯ, ಸಿನಿಮಾ ನಡೀತಿದೆ.’

ಈ ಬೆರಳು, ಉಂಗುರ ತೆಗೆದಿಟ್ಟದ್ದು,
ಇದಕ್ಕೆ ನಮ್ಮದೇ ಒಂದು.
ರಿಪ್ಪನ್‌ಪೇಟೆಯ ಡ್ರಾಯಿಂಗ್ ಮಾಸ್ತರು ದ್ಯಾವಪ್ಪ, ಸ್ಕೂಟರು ಮಾರಿ ತೆಗೆದದ್ದು.
ಹನ್ನೊಂದು ಜನ ನೋಡಿದ್ದಾರೆ. ಅದರಲ್ಲಿ ಏಳು ಜನ ಈಗಿಲ್ಲ.
ಬಾಕಿ ಕಟ್ಟಲಿಲ್ಲವೆಂದು ಡಬ್ಬಗಳನ್ನು ಲ್ಯಾಬಿನವರೇ ಇಟ್ಟುಕೊಂಡರು,
ತೆರೆದಾಗ ಒಳಗೆ ಹುಳಿ ವಾಸನೆ, ಅಂಟು, ಇನ್ನೇನೂ ಇರಲಿಲ್ಲವಂತೆ.

ಯಾಕೆ ಕಾರ್ಯದರ್ಶಿಗಳೇ, ಪೆನ್ನು ನಿಲ್ಲಿಸಿದಿರಿ?
ಪ್ರಿಂಟಿಲ್ಲದ್ದು ಪಟ್ಟಿಗೆ ಬರುವುದಿಲ್ಲವೆ?
ಹಾಗಾದರೆ ಲೈಟು ಆರಿಸಿ, ತೋರಿಸುತ್ತೇನೆ.
ಬೋಂಡ, ಮಂಡಕ್ಕಿ ಎಲ್ಲ ಆಮೇಲೆ.

ಹೊಳೆಬಾಗಿಲಿನ ಲಾಂಚು.
ಇಪ್ಪತ್ತು ಜನ, ಎರಡು ಬೈಕು, ಒಂದು ಕುರಿ.
ನಾನು ಮೂಲೆಯಲ್ಲಿ, ತೊಡೆಯ ಮೇಲೆ ಹೊಲಿಗೆ ಮಿಷನ್ನು.
ಎಲ್ಲಿಗೆ ಒಯ್ಯುತ್ತಿದ್ದೇನೆಂದು ಮಾಸ್ತರು ನನಗೂ ಹೇಳಿರಲಿಲ್ಲ.
ನಡುನೀರಲ್ಲಿ ಎಂಜಿನ್ ಕೆಡುತ್ತದೆ.
ಇದು ಕತೆಯಲ್ಲಿರಲಿಲ್ಲ, ನಿಜವಾಗಿ ಕೆಟ್ಟಿತು.
ಮಾಸ್ತರು ಕ್ಯಾಮೆರಾ ನಿಲ್ಲಿಸಲಿಲ್ಲ.
ಯಾರೂ ಮಾತಾಡಲಿಲ್ಲ. ಕುರಿಯೂ.
ಎಲ್ಲರೂ ಎಲ್ಲಿಗೋ ನೋಡುತ್ತಿದ್ದರು, ನೀರನ್ನಲ್ಲ.
ನನ್ನ ಕೈ ತಾನಾಗಿ ಮಿಷನ್ನಿನ ಗಾಲಿಗೆ ಹೋಯಿತು,
ಬಟ್ಟೆಯಿಲ್ಲ, ದಾರವಿಲ್ಲ,
ಸೂಜಿ ಮಾತ್ರ ಮೇಲೆ ಕೆಳಗೆ, ಮೇಲೆ ಕೆಳಗೆ.
ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಕಟ್ ಇಲ್ಲದೆ.
ಅದಾದ ಮೇಲೆ ನನಗೆ ಯಾರೂ
ನಾಲ್ಕು ನಿಮಿಷ ಕೊಟ್ಟಿಲ್ಲ.

ಫ್ಯಾನೂ ನಿಲ್ಲಿಸು ತಮ್ಮಾ.
ಕೇಳಿ,
ಎಂಜಿನ್ ನಿಂತಾಗಲೂ ಹೀಗೇ,
ಸ್ವಲ್ಪ ಹೊತ್ತು ಅದರ ಸದ್ದು ಅಲ್ಲೇ ಇತ್ತು.