ಎರಡೂವರೆ ಫೂಟು

ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ...
ಈ ಸಾಲು ನನ್ನದು.
ಮೂವತ್ತೊಂದು ವರ್ಷ ಗದಗ-ಬೆಟಗೇರಿ ನಗರಸಭೆಯೊಳಗ
ಕಿಡಕಿ ಬಾಜೂದ ಟೇಬಲ್ಲಿಗೆ ಕುಂತು
ಮೂರು ಕಾರ್ಬನ್ ಹಾಳಿ ಇಟ್ಟು ಒತ್ತಿ ಒತ್ತಿ ಬರದೀನಿ.
ನಾಕನೇ ಪ್ರತಿ ನನ್ನ ಬೆರಳಿಗೆ ಮೂಡತಿತ್ತು,
ಸಾಬಾಣ ಹಚ್ಚಿದರೂ ಹೋಗತಿರಲಿಲ್ಲ.

ಈಗ ಅದು ನನ್ನ ಬಾಗಲಿಗೇ ಬಂದೈತಿ.
ಶ್ರೀ ರಾಚಪ್ಪ ಗುರಪ್ಪ ಹೊಂಬಳ, ನಿವೃತ್ತ,
ತಮ್ಮ ಮನೆಯ ಮುಂದಿನ ಕಟ್ಟೆಯು ಸಾರ್ವಜನಿಕ ರಸ್ತೆಯನ್ನು
ಎರಡೂವರೆ ಅಡಿಯಷ್ಟು ಅತಿಕ್ರಮಿಸಿದ್ದು
ಏಳು ದಿನಗಳೊಳಗಾಗಿ...

ಏಳು ಅಂತ ಹಾಕಿಸಿದಾಂವ ನಾನ.
ಮೊದಲ ಹದಿನೈದಿತ್ತು.
ಅಷ್ಟು ದಿನ ಕೊಟ್ಟರ ಮಂದಿ ವಕೀಲನ್ನ ಹುಡಕತಾರ್ರೀ
ಅಂತ ಸಾಹೇಬರ ಕಿವ್ಯಾಗ ಹೇಳಿದ್ದೆ.

ಕಟ್ಟಿ ಅಂದರ ಗಜೇಂದ್ರಗಡದ ಎರಡು ಕೆಂಪು ಕಲ್ಲು,
ಅಪ್ಪ ಚಕ್ಕಡ್ಯಾಗ ಹೇರಿಕೊಂಡು ತಂದದ್ದು.
ಒಂದು ತುದಿ ನುಣ್ಣಗ ಸವದೈತಿ:
ಅಲ್ಲೆ ಮಲ್ಲವ್ವಾಯಿ ಶೇಂಗಾದ ಬುಟ್ಟಿ ಇಳಿಸಿ
ಉಸ್ ಅಂತ ಕುಂಡರತಾಳ.
ಆಕಿ ಬಾಡಿಗಿ ಕೊಟ್ಟಿಲ್ಲ, ನಾವು ಕೇಳಿಲ್ಲ.
ಅಳಿಯಾಕ ಬಂದವರು ಸವದದ್ದನ್ನ ಅಳೀಲಿಲ್ಲ.

ರಾತ್ರಿ ನಿದ್ದಿ ಹತ್ತಲಿಲ್ಲ.
ಹಳೇ ಔಟ್‌ವರ್ಡ್ ರಜಿಸ್ಟರು ತಲಿಯೊಳಗ ತಾನ ತೆರಕೊಂತು.
ಹಡಪದ ಯಮನೂರಪ್ಪ, ಬೇವಿನ ಗಿಡದ ಬುಡಕ
ಪರವಾನಗಿ ಇಲ್ಲದ ಒಂದು ಕುರ್ಚಿ.
ಗಿಡಕ್ಕ ಮೊಳಿ ಹೊಡದು ಕನ್ನಡಿ ಹಾಕಿದ್ದಕ್ಕ ಬ್ಯಾರೆ ದಂಡ.
ಹುಸೇನಬಿ, ಉಪ್ಪಿನಕಾಯಿ, ಬರಣಿ ಮ್ಯಾಲ ಚೀಟಿ ಇಲ್ಲ.
‘ಚೀಟಿ ಯಾಕ್ರೀ, ಓಣಿ ಮಂದಿಗೆ ನನ್ನ ಕೈ ಗೊತ್ತೈತಿ’ ಅಂದಿದ್ಲು.
ಆ ಮಾತು ಬರಿಯಾಕ ಫಾರ್ಮಿನ್ಯಾಗ ಕಾಲಂ ಇರಲಿಲ್ಲ.
ತನ್ನ ಮನಿ ಗ್ವಾಡಿಗೆ ಹಸರ ಬಣ್ಣ ಬಳದವಗೂ ಒಂದು ಹೋಗಿತ್ತು,
ಯಾಕಂತ ಈಗ ನೆನಪಾಗವಲ್ದು.
ನೆನಪಿರಲಾರದ ತಪ್ಪಿಗೆ ಇನ್ನೂರು ರೂಪಾಯಿ ಕಟ್ಟಿದ್ದ, ಪುಣ್ಯಾತ್ಮ.

ಒಂದಕ್ಕ ಮಾತ್ರ ಇವತ್ತೂ ಸಹಿ ಮಾಡತೀನಿ.
ಬೆಟಗೇರ್ಯಾಗ ಬಣ್ಣದ ಭಟ್ಟಿಯಾಂವ
ನೂಲು ಅದ್ದಿದ ನೀರು ಗಟಾರಕ್ಕ ಬಿಟ್ಟು
ಓಣಿ ಬಾವಿ ನೀಲಿ ಆಗಿತ್ತು.
ಕೊಡದಾಗ ನೀಲಿ, ಕೂಸಿನ ಬಟ್ಟಲದಾಗ ನೀಲಿ.
ಅವಗ ನೋಟೀಸು ಮುಟ್ಟಾಕ ಹನ್ನೊಂದು ತಿಂಗಳು ಹಿಡೀತು.
ಯಮನೂರಪ್ಪಗ, ಹನ್ನೊಂದು ನಿಮಿಷ.

ನಿನ್ನ ಬಣ್ಣ ನನ್ನ ಬಾವಿಗೆ ಇಳೀತೋ,
ಬಾ, ಕಾಯ್ದೆ ತಗೊಂಡು ಓಡಿ ಬಾ, ಚಪ್ಪಲಿ ಹಾಕ್ಕೋಬ್ಯಾಡ.
ನನ್ನ ಗಡ್ಡ, ನನ್ನ ಉಪ್ಪು, ನನ್ನ ಗ್ವಾಡಿ,
ನಾ ಸಂಜಿ ಹೊತ್ತು ಎಲ್ಲೆ ಕುಂಡರಬೇಕು ಅನ್ನೂದು,
ಇದರಾಗ ನಿಂದೇನು ಕೆಲಸ?
ಅತಿಕ್ರಮಣ ಅಂತ ಬರೀತೀಯಲ್ಲ ತಮ್ಮಾ,
ಯಾರು ಯಾರ ಹದ್ದಿನ್ಯಾಗ ಬಂದ್ರು?

‘ಹಂಗಂದರ ನಾಳೆ ಬಾಜೂದಾಂವ ಮೂರು ಫೂಟು ಬರತಾನ,
ಅವನ ಬಾಜೂದಾಂವ ನಾಕು.’
ಗೊತ್ತು. ಟೇಬಲ್ಲಿನ ಆ ಕಡಿಂದ
ನಾನೂ ಇದನ್ನ ಹೇಳಾಂವ. ಸುಳ್ಳಲ್ಲ.
ಆದರ ಚಕ್ಕಡಿ ತಿರಗೂವಷ್ಟು ಜಾಗಾ ಬಿಡ್ರೆಪಾ ಅಂತ
ಅಪ್ಪ ಒಮ್ಮೆ ಓಣಿಯವರಿಗೆ ಹೇಳಿದ್ದ.
ಬಿಟ್ಟಾರ. ಚಕ್ಕಡಿ ಹೋಗಿ ಆಟೋ ಬಂದರೂ ಬಿಟ್ಟಾರ.
ಅದರ ಮ್ಯಾಲ ಯಾರೂ ಸಿಕ್ಕಾ ಒತ್ತಿಲ್ಲ.

ನೋಟೀಸು ತಂದ ಹುಡುಗ ಬಿಸಲಾಗ ಬೆವತಿದ್ದ.
ನೀರು ಕೇಳಿದ, ತಂದು ಕೊಟ್ಟೆ.
ಆ ಕಡೆ ಈ ಕಡೆ ನೋಡಿ
ತಾ ಅಳದ ಎರಡೂವರೆ ಫೂಟಿನ ಮ್ಯಾಲ ಕುಂತು ಕುಡದ.
‘ಸರ್, ಇಲ್ಲೊಂದು ಸಹಿ.’
ಮಾಡಿದೆ. ಬೆರಳಿಗೆ ಏನೂ ಹತ್ತಲಿಲ್ಲ,
ಈಗೆಲ್ಲ ಕಂಪ್ಯೂಟರಿನ್ಯಾಗ ಬರತೈತಿ.

ಇವತ್ತು ಐದನೇ ದಿನ.
ಕಲ್ಲು ಇನ್ನೂ ಬಿಸಿ ಐತಿ.
ಒಂದು ಚರಗಿ ನೀರು ಚಿಮಕಿಸಬೇಕು,
ಮಲ್ಲವ್ವಾಯಿ ಬರೂ ಹೊತ್ತಾತು.