ತೃಪ್ತಿ, ಒಂದರಿಂದ ಐದು

ಹದಿನಾಲ್ಕನೇ ನಂಬರಿನ ಕಿಟಕಿ ಏಳಕ್ಕೆ ತೆರೆಯುವುದೆಂದು ಬೋರ್ಡು.
ಏಳೂಕಾಲಾದರೂ ಒಳಗೆ ಟ್ಯೂಬ್‌ಲೈಟು ಮಿಟುಕುತ್ತಿದೆ, ಅಷ್ಟೇ.
ಹೊರಗೆ ಬೆಂಚುಗಳ ಮೇಲೆ ಇಪ್ಪತ್ತಾರು ಖಾಲಿ ಹೊಟ್ಟೆಗಳು,
ಕಾರ್ಡನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು,
ತುಂಗೆಯ ಕಡೆಯಿಂದ ಬರುವ ಚಳಿಗೆ ತೋಳು ಮಡಚಿ.
ಇನ್ನೊಂದು ಗಳಿಗೆಗೆ ಅದೇ ತೋಳನ್ನು ಚಾಚಬೇಕು.

ನನ್ನ ಕೆಲಸ ಕೇಳುವುದು.
ಟ್ಯಾಬಿನಲ್ಲಿ ಹದಿನೆಂಟು ಪ್ರಶ್ನೆ, ತಲೆಗೆ ಮೂವತ್ತು ರೂಪಾಯಿ,
ಅರ್ಧಕ್ಕೆ ಎದ್ದುಹೋದ ತಲೆ ಲೆಕ್ಕಕ್ಕಿಲ್ಲ.
'ವಿಮೆ ಹೊಂದಿರುವ ತಮಗೆ ಈ ಪ್ರಯೋಗಾಲಯದ ಸೇವೆ
ಎಷ್ಟರಮಟ್ಟಿಗೆ ತೃಪ್ತಿ ತಂದಿದೆ?'
ಒಂದು ಎಂದರೆ ಇಲ್ಲವೇ ಇಲ್ಲ. ಐದು ಎಂದರೆ ಬಹಳ.

ಮಾಚೇನಹಳ್ಳಿ ಫೌಂಡ್ರಿಯ ಹುಚ್ಚರಾಯಪ್ಪ
ರಾತ್ರಿ ಪಾಳಿ ಮುಗಿಸಿ ನೇರ ಬಂದವರು,
ಹುಬ್ಬಿನಲ್ಲಿ ಇನ್ನೂ ಕರಿಮರಳು.
'ಸೂಜಿ ಚುಚ್ಚೋ ಹುಡುಗಿಗೆ ಐದು ಹಾಕು.
ನನ್ನ ನರ ಹುಡ್ಕೋದಂದ್ರೆ ಬೂದೀಲಿ ಕೆಂಡ ಹುಡ್ಕಿದಂಗೆ,
ಒಂದೇ ಸಲಕ್ಕೆ ಹಿಡೀತಾಳೆ.
ಕಾರ್ಡು ಉಜ್ಜೋ ಕೌಂಟ್ರಿಗೆ ಒಂದು.
ಹೆಬ್ಬೆಟ್ಟು ಸವೆದಿದೆ, ಗುರ್ತು ಬರ್ತಿಲ್ಲ ಅಂತಾನೆ.
ಎಲ್ಲಿ ಸವೀತು ಅಂತ ಕೇಳಲ್ಲ.'
ಎರಡಕ್ಕೂ ಇರುವುದು ಒಂದೇ ಚೌಕ. ಮೂರು ಒತ್ತಿದೆ.
ಮೂರು ಅವರು ಹೇಳಿದ್ದಲ್ಲ.

ಜಬೀನ್ ತಾಜ್, ಗಾರ್ಮೆಂಟ್ಸು, ಕಾಲರ್ ವಿಭಾಗ,
ನಾನು ಬಾಯಿ ತೆರೆಯುವ ಮೊದಲೇ 'ಐದು' ಎಂದಳು.
ಎಲ್ಲಕ್ಕೂ ಐದು. ಶೌಚಾಲಯಕ್ಕೂ,
ಚಿಲಕವಿಲ್ಲದ ಅದರ ಬಾಗಿಲಿಗೂ.
ಆಗಷ್ಟೇ ಮೂತ್ರದ ಡಬ್ಬಿಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು
ಗಂಡಸರ ಸಾಲು ದಾಟಿ ಬಂದಿದ್ದಳು.
'ಕಡ್ಮೆ ಹಾಕಿದ್ರೆ ಮುಂದಿನ್ ಸಲ ಕಾರ್ಡು ನಡೆಯಲ್ಲ ಅಂದ್ರೆ?'
ಇದರಲ್ಲಿ ನಿಮ್ಮ ಹೆಸರು ಬರುವುದಿಲ್ಲ ಎಂದೆ.
'ಹೆಸರೇ ಇಲ್ಲ ಅಂದ್ಮೇಲೆ
ಐದಾದ್ರೇನು, ಹಾಕಿ.'

ತೀರ್ಥಹಳ್ಳಿಯ ಮೊದಲ ಬಸ್ಸಿನಲ್ಲಿ ಬಂದ ಐಸಿನ ಡಬ್ಬಿಯನ್ನು
ಯಾರೋ ಕಿಟಕಿಯ ಕೆಳಗಿಟ್ಟು ಹೋದರು.
ಮಂಗನ ಕಾಯಿಲೆಯ ಗುಮಾನಿ, ಒಂಬತ್ತು ಸೀಸೆ.
ಕೇಳೋಣವೆಂದರೆ ರಕ್ತದ ಒಡೆಯರು ಜೊತೆಗಿಲ್ಲ.

ದುರ್ಗಿಗುಡಿಯ ಛತ್ರದಲ್ಲಿ ಅಡುಗೆ ಮಾಡುವ ತಿಮ್ಮಪ್ಪಯ್ಯ
ಪ್ರಶ್ನೆ ಕೇಳಿ ಹೊಟ್ಟೆ ಕುಣಿಸಿ ನಕ್ಕರು.
'ತೃಪ್ತಿ? ಮಾರಾಯ್ತಿ, ಅದು ಎಲೆ ಮುಂದೆ ಕೇಳೋ ಮಾತು.
ನಲವತ್ತು ವರ್ಷ ತಿಥಿ ಅಡುಗೆ ಮಾಡಿದೀನಿ.
ಉಂಡವರನ್ನ ಕೇಳ್ತಾರೆ, ತೃಪ್ತಿಯಾಯಿತೇ ಅಂತ.
ಸತ್ತವರ ಪರವಾಗಿ ಅವರು ಆಯಿತು ಅನ್ನಲೇಬೇಕು,
ಉಪ್ಪು ಹೆಚ್ಚಾಗಿದ್ರೂ.
ನನಗೆ ನಿನ್ನೆ ರಾತ್ರಿ ಎಂಟರಿಂದ ಬರೀ ನೀರು.
ಹಸಿದವನಿಗೆ ಕೇಳೋ ಪ್ರಶ್ನೆಯೇನೆ ಇದು?'
ಸ್ವಲ್ಪ ತಡೆದು, ದನಿ ಇಳಿಸಿ:
'ಹೋದ ತಿಂಗಳು ರಿಪೋರ್ಟು ಅದಲುಬದಲಾಗಿತ್ತು.
ಯಾರದೋ ಸಕ್ಕರೆ ನಂಬಿ ಹದಿನೈದು ದಿನ ನಾನು ಪಾಯಸ ಬಿಟ್ಟೆ.
ಆ ಪುಣ್ಯಾತ್ಮ ನನ್ನದನ್ನ ನಂಬಿ ಉಂಡಿರ್ತಾನೆ.
ಸಿಕ್ಕಿದ್ರೆ ಅವನನ್ನ ಕೇಳು.'
ಇದಕ್ಕೆ ಚೌಕವಿಲ್ಲ. 'ಇತರೆ' ಎಂಬಲ್ಲಿ
ಇಪ್ಪತ್ತು ಅಕ್ಷರ ಹಿಡಿಯುತ್ತದೆ.
ವರದಿ ಬದಲು, ಪಾಯಸ, ಎಂದು ಬರೆಯುವಷ್ಟರಲ್ಲಿ ತುಂಬಿತು.

ಏಳೂ ನಲವತ್ತಕ್ಕೆ ಕಿಟಕಿ ತೆರೆಯಿತು.
ಬೆಂಚುಗಳು ಒಮ್ಮೆಲೇ ಎದ್ದವು. ನನ್ನ ಹನ್ನೊಂದನೇ ಪ್ರಶ್ನೆ
ಯಾರ ಬೆನ್ನಿಗೋ ತಾಗಿ ಕೆಳಗೆ ಬಿತ್ತು.

ಸಂಜೆ ಟ್ಯಾಬು ತಾನೇ ಕೂಡಿಸಿ, ಭಾಗಿಸಿ
ಸರಾಸರಿ ಕೊಡುತ್ತದೆ: ಮೂರು ಪಾಯಿಂಟ್ ಎಂಟು.
ಯಾರೊಬ್ಬರೂ ಆಡದ ಅಂಕಿ.
ಮೇಲಿನವರು ಓದುವುದು ಅದೊಂದನ್ನೇ.

ಈಗ ಸಾಲಿನ ಕೊನೆಗೆ ಗೋಡೆಗೊರಗಿ ನಿಂತಿದ್ದೇನೆ.
ರಕ್ತ ತೆಗೆಯುವ ಹುಡುಗಿ, ಒಂದೇ ಸಲಕ್ಕೆ ಹಿಡಿಯುವವಳು,
ರಬ್ಬರು ಪಟ್ಟಿ ಜಗ್ಗಿ, ಮುಖವನ್ನೂ ನೋಡದೆ
'ಬನ್ನಿ, ಖಾಲಿ ಹೊಟ್ಟೆ ತಾನೆ?' ಎಂದಳು.

ಹೌದು ಎಂದೆ. ಸುಳ್ಳೇನಲ್ಲ.
ಆದರೆ ನನ್ನ ಹತ್ತಿರ ಕಾರ್ಡಿಲ್ಲ.