ಒಂದು ಕಡಿಮೆ

ಸಹಿ ಪೆನ್ನಿನಲ್ಲೇ ಇರಬೇಕು, ಪೆನ್ಸಿಲ್ ನಡೆಯುವುದಿಲ್ಲ.
ಹೆಸರನ್ನು ಅವರವರೇ ಬರೆಯಬೇಕು.
ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದರೂ
ಎರಡನೆಯ ಸಾಲಿನಲ್ಲಿ ‘ಮೇಲಿನಂತೆ’ ಎಂದು ಗೀಚುವಂತಿಲ್ಲ.
ಒಂದು ಹಾಳೆಗೆ ಒಂದೇ ಊರು.
ಬೆಟ್ಟದ ಈ ಮಗ್ಗುಲಿಗೊಂದು, ಆ ಮಗ್ಗುಲಿಗಿನ್ನೊಂದು.
ಹಿಮನದಿಗೆ ಈ ನಿಯಮ ಗೊತ್ತಿಲ್ಲ,
ಮೂರು ಊರಿಗೂ ಒಂದೇ ಸಮ ಕರಗುತ್ತದೆ.

ಮಾರ್ಚಿಯ ಶನಿವಾರ,
ಬ್ರೀಗ್ ನಿಲ್ದಾಣದೆದುರು
ಚೀಸ್ ಗಾಡಿಗೂ ಹೂವಿನ ಗಾಡಿಗೂ ನಡುವೆ ನನ್ನ ಮಡಚುವ ಮೇಜು.
ಚಳಿಗೆ ಪೆನ್ನುಗಳು ಮೂಕವಾಗುತ್ತವೆ.
ಎರಡನ್ನು ಕಂಕುಳಲ್ಲಿಟ್ಟು ಕಾಯಿಸುತ್ತೇನೆ,
ಕೋಳಿ ಕಾವಿಗೆ ಕೂತ ಹಾಗೆ.

ಮೊದಲು ಬರುವವರು ಸಹಿ ಹಾಕದವರು,
ಅವರಿಗೆ ಬಿಡುವು ಜಾಸ್ತಿ.
‘ಕಾಯಿದೆ ಬಂದರೆ ನಮ್ಮ ಮನೆ ಬೆಚ್ಚಗಿಡುವವರು ಯಾರು?’
‘ಮೊದಲು ದೊಡ್ಡ ದೇಶಗಳು ನಿಲ್ಲಿಸಲಿ.’
‘ಟೀಚರ್, ಭೂಗೋಳದಲ್ಲಿ ನನ್ನನ್ನು ಫೇಲು ಮಾಡಿದ್ದು ನೀವೇ,
ಈಗ ಸಹಿ ಬೇಕಾ?’

ಫೇಲು ಮಾಡಿದ್ದು ನಿಜ.
‘ಶಿಖರಗಳ ಮೇಲಿರುವುದು ______ ಹಿಮ.’
‘ಶಾಶ್ವತ’ ಅಂತ ತುಂಬಬೇಕಿತ್ತು.
ಅವನು ಖಾಲಿ ಬಿಟ್ಟಿದ್ದ.
ಈಗ ನೋಡಿದರೆ ಅವನದೇ ಸರಿಯುತ್ತರ.

ಹನ್ನೊಂದರ ಹೊತ್ತಿಗೆ ಓಟ್ಮಾರ್ ಬಂದ.
ಹದಿನಾಲ್ಕು ವರ್ಷ, ಮೇ ತಿಂಗಳಲ್ಲಿ ಬೆಟ್ಟ ಹತ್ತಿ
ಹಿಮನದಿಗೆ ಬಿಳಿ ಕಂಬಳಿ ಹೊದಿಸಿದವನು,
ಚಳಿ ಬರುವ ಮುಂಚೆ ಸುತ್ತಿ ಇಳಿಸಿದವನು,
ಗಂಟೆಗಿಷ್ಟು ಅಂತ ಕೂಲಿಗೆ.
‘ವರ್ಷ ವರ್ಷ ಬಟ್ಟೆ ಮಿಗುತ್ತಾ ಬಂತು’ ಅಂದ.
ಅದೊಂದೇ ಮಾತು. ಪೆನ್ನಿಗೆ ಕೈ ಚಾಚಿದ.

ಅವನ ಊರಿನ ಹಾಳೆ ನನ್ನಲ್ಲಿ ಮುಗಿದಿತ್ತು.
ಬೇರೆಯದರಲ್ಲಿ ಹಾಕುವಂತಿಲ್ಲ.
ಬ್ರೆಡ್ಡಿನ ಚೀಲ ಹರಿದು ವಿಳಾಸ ಬರೆದುಕೊಟ್ಟ.
ಅಂಚೆಯಲ್ಲಿ ಖಾಲಿ ಹಾಳೆ ಕಳಿಸಿದೆ.

ಒಂಬತ್ತನೆಯ ದಿನ ವಾಪಸು ಬಂತು, ಎರಡು ಸಾಲು ತುಂಬಿ.
ಓಟ್ಮಾರ್ ತ್ಸೆನ್‌ಕ್ಲೂಸನ್.
ಕ್ರೆಸೆನ್ಸಿಯಾ ತ್ಸೆನ್‌ಕ್ಲೂಸನ್.
ಎರಡನೆಯದು ಎಡಕ್ಕೆ ವಾಲಿದ ಅಕ್ಷರ,
ಅವಳು ಬರೆಯುತ್ತಿದ್ದ ಹಾಗೇ, ತುಂಬ ನಿಧಾನವಾಗಿ.

ಅವಳನ್ನು ಮಣ್ಣು ಮಾಡಿದ ದಿನ
ಸೂಪು ಹೊತ್ತು ಹೋದವಳು ನಾನೇ. ಮೂರು ವರ್ಷವಾಯಿತು.
ಖಾಲಿ ಬಿಟ್ಟ ಹುಡುಗನಿಗೆ ಸೊನ್ನೆ ಕೊಟ್ಟ ಕೈ
ಇದನ್ನು ಮಾತ್ರ ಹಾಗೇ ಲಕೋಟೆಗೆ ಹಾಕಿತು.

ಪಂಚಾಯಿತಿ ಕಚೇರಿಯಲ್ಲಿ ಮಾರ್ಲಿಸ್
ಒಂದೊಂದೇ ಹೆಸರು ವಹಿಯಲ್ಲಿ ನೋಡುತ್ತಾಳೆ.
ಕ್ರೆಸೆನ್ಸಿಯಾ ಹತ್ತಿರ ಬೆರಳು ನಿಂತಿತು.
ಆ ಸಾವನ್ನು ದಾಖಲಿಸಿದ್ದೂ ಅದೇ ಬೆರಳು.
‘ಇದು ಅಪರಾಧ, ಗೊತ್ತು ತಾನೇ?’
‘ಗೊತ್ತು.’
ಸ್ಕೇಲು ಇಟ್ಟು, ಅಲುಗದ ಹಾಗೆ, ಒಂದು ಕೆಂಪು ಗೆರೆ ಎಳೆದಳು.
ಕೆಳಗೆ ಬರೆದಳು: ಸಿಂಧು, ಒಂದು.
ಆಮೇಲೆ ಕಿಟಕಿ ತೆಗೆದಳು, ಹೊರಗೆ ಅಂಥದ್ದೇನೂ ಇರಲಿಲ್ಲ.

ಸಂಜೆ ಓಟ್ಮಾರನಿಗೆ ಫೋನು ಮಾಡಿದೆ.
‘ಒಂದು ಲೆಕ್ಕಕ್ಕೆ ಬರಲಿಲ್ಲ.’
‘ಯಾವುದು?’ ಅಂದ.

ನನಗೆ ತಕ್ಷಣ ಬಾಯಿ ಬರಲಿಲ್ಲ.

‘ಗಾಳಿಗೆ ಹರಿದ ಕಂಬಳಿಗಳನ್ನು
ಚಳಿಗಾಲವಿಡೀ ಹೊಲಿದವಳು ಅವಳು,
ಅಡುಗೆಮನೆಯಲ್ಲಿ, ಮಷಿನ್ನಿಗೆ ಕೂತು.
ಅದಕ್ಕೆ ಕೂಲಿ ಹಿಡಿದಿರಲಿಲ್ಲ ಯಾರೂ.’
ಫೋನು ಇಟ್ಟ.

ಸೆಪ್ಟೆಂಬರಿನಲ್ಲಿ ಪೆಟ್ಟಿಗೆಗಳು ಬೆರ್ನ್‌ಗೆ ಹೊರಟವು.
ನಮ್ಮ ಕಣಿವೆಯದು ನನ್ನ ತೊಡೆಯ ಮೇಲೆ.
ಹನಿ ಹನಿ ಕೂಡಿದರೆ ಹಳ್ಳ ಎಂದು
ಮಕ್ಕಳಿಗೆ ಉಳಿತಾಯ ಕಲಿಸಿದವಳು ನಾನು.
ಕಿಟಕಿಯಾಚೆ, ಮಳೆಯೇ ಇಲ್ಲದ ವಾರದಲ್ಲಿ,
ರೋನ್ ನದಿ ಬೂದು ಬಣ್ಣಕ್ಕೆ ತಿರುಗಿ
ಕೂಡಿಕೊಂಡೇ ಓಡುತ್ತಿತ್ತು.

ಕಾಯಿದೆ ಆಗುತ್ತದೋ ಇಲ್ಲವೋ.
ಸಹಿ ಇದ್ದ ಕಾಗದಕ್ಕೂ ಇಲ್ಲದ ಕಾಗದಕ್ಕೂ
ತೊಡೆಗೆ ತಿಳಿಯುವ ತೂಕ ಒಂದೇ.
ಟಿಕೆಟ್ ನೋಡುವವನು ಬಂದ. ನನ್ನದು ತೋರಿಸಿದೆ.
ಪೆಟ್ಟಿಗೆಯ ತಳದಲ್ಲೆಲ್ಲೋ, ಕೆಂಪು ಗೆರೆಯ ಕೆಳಗೆ,
ಎಡಕ್ಕೆ ವಾಲಿಕೊಂಡು ಒಬ್ಬಳು ಬರುತ್ತಿದ್ದಳು.
ಅವಳ ಟಿಕೆಟ್ಟು ಅವನು ಕೇಳಲಿಲ್ಲ.